ಗಾಲಿಕುರ್ಚಿಯ ಪುಕ್ಕಟೆ ಸವಾರಿ

ಉದ್ಯಾನದ ಹೊರಗಿನ ಬಸ್ ನಿಲ್ದಾಣದಲ್ಲಿ ಅತ್ತೆಯೊಬ್ಬರು ಬೆಂಚಿನ ಮೇಲೆ ಕುಳಿತಿದ್ದರು. ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಸೊಸೆ ಪಕ್ಕದಲ್ಲಿ ನಿಂತಿದ್ದಳು. ಒಳಗೆ ಸ್ವಯಂಸೇವಕರು ಆ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕೆರೆಯವರೆಗೂ ತಳ್ಳಿಕೊಂಡು ಹೋದದ್ದನ್ನು ನಾನು ಕಂಡಿದ್ದೆ.

“ಒಂದು ಕಾಸೂ ಕೇಳ್ಲಿಲ್ಲ ನೋಡು. ಅದೇ ನಂಗೆ ಅನುಮಾನ.”

“ಕೇಳಿದ್ರೂ ಬೈತಿದ್ರಿ ಅತ್ತೆ.”

“ಕೇಳಿದ್ರೆ ಕಳ್ಳರು ಅಂತ ಗೊತ್ತಾಗಿ ನೆಮ್ಮದಿಯಾಗಿರ್ತಿದ್ದೆ. ಇವ್ರು ಮಂಡಿ ಮೇಲೆ ಶಾಲು ಬೇರೆ ಹೊದಿಸಿದ್ರು!”

“ಮೂರು ವರ್ಷ ಆದ್ಮೇಲೆ ಕೆರೆ ನೋಡಿದ್ರಲ್ಲ.”

“ನೋಡ್ದೆ. ಮೊಮ್ಮಗಳ ಜೊತೆ ಬಾತುಕೋಳಿನೂ ಎಣಿಸ್ದೆ. ಆದ್ರೆ ಕುರ್ಚಿ ತಳ್ಳಿದ ಆ ಹುಡುಗಿ ನನ್ನ ಫೋನ್ ನಂಬರ್ ಯಾಕೆ ಬರ್ಕೊಂಡ್ಲು?”

“ಮುಂದಿನ ಭಾನುವಾರ ನಿಮಗೊಂದು ಕುರ್ಚಿ ಎತ್ತಿಡೋಕೆ. ಹಿಂದಿನ ದಿನ ಫೋನ್ ಮಾಡ್ತಾರೆ. ನೀವು ಸಿಗದಿದ್ರೆ ಬೇರೆಯವ್ರಿಗೆ ಕೊಡ್ತಾರೆ.”

ಅತ್ತೆ ಉದ್ಯಾನದ ಗೇಟಿನತ್ತ ತಿರುಗಿ ನೋಡಿದರು.

“ಕೊನೇ ಎರಡು ಅಂಕಿ ತಪ್ಪು ಹೇಳ್ಬಿಟ್ಟಿದೀನಿ ಕಣೇ.”

“ಅಯ್ಯೋ, ಬೇಕಂತಲೇ?”

“ಮತ್ತೆ? ಬೆಳ್ಳಗಿರೋದೆಲ್ಲ ಹಾಲು ಅಂತ ನಂಬ್ಲಾ?”

ಬಸ್ಸು ಬಂದು ನಿಂತಿತು. ಸೊಸೆ ಕೈ ನೀಡಿದಳು, ಅತ್ತೆ ಏಳಲಿಲ್ಲ.

“ಇದು ಹೋಗ್ಲಿ. ಮಗೂನ ಇಲ್ಲಿ ಕೊಟ್ಟು, ಓಡಿ ಹೋಗಿ ಸರಿಯಾದ ನಂಬರ್ ಬರೆಸಿ ಬಾ.”

ಸೊಸೆ ಗೇಟಿನತ್ತ ಓಡಿದಳು. ನಾನು ಬಸ್ಸು ಹತ್ತುವಾಗ ಅತ್ತೆ ಕೂಗುತ್ತಿದ್ದರು:

“ನಂದಲ್ಲ ಕಣೇ, ನಿಂದು ಕೊಡು!”