ಸೂರ್ಯನ ಹೊರಪದರ

ಹುಮನಾಬಾದಿನ ನಿಲ್ದಾಣದಲ್ಲಿ ಜಯಮಾಲಾ ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ನಿವೃತ್ತ ವಿಜ್ಞಾನ ಮಾಸ್ತರರು ತಮ್ಮ ಹಳೆಯ ವಿದ್ಯಾರ್ಥಿನಿಯೊಡನೆ ಮಾತಾಡುವುದು ಕಿವಿಗೆ ಬಿತ್ತು.

"ಸರಿತಾ, ಸೂರ್ಯನ ಪದರದ ಪ್ರಶ್ನೆ ನೆನಪದ ಏನವಾ?"

"ಹ್ಯಾಂಗ ಮರೀಲ್ರಿ ಸರ್? ಮೇಲ್ಮೈಗಿಂತ ಹೊರಗಿನ ಕರೋನಾ ಪದರಾನೇ ಬಿಸಿ ಅಂತ ಬರ್ದಿದ್ದೆ. ಕ್ಲಾಸೆಲ್ಲಾ ನಗೋಹಂಗ ಬೈದ್ರಿ."

"ಒಲಿಯಿಂದ ದೂರ ಹೋದ್ರ ಬಿಸಿ ಹೆಚ್ಚಾಗ್ತದೇನು ಅಂದಿದ್ದೆ. ನೀ ಬರ್ದದ್ದೇ ಖರೇ ಇತ್ತು."

"ಯಾವಾಗ ಗೊತ್ತಾತ್ರಿ?"

"ಮರುದಿನಾನೇ."

ಸರಿತಾ ಅವರತ್ತ ತಿರುಗಿ ಕೂತಳು.

"ಮುಂದಿನ ವರ್ಷ ನಾ ಸೈನ್ಸ್ ಬಿಟ್ಟೆ. ಆಗಾದ್ರೂ ಹೇಳಬೇಕಿತ್ತಲ್ರಿ?"

"ಶರಮ್ ಆತವಾ, ಹೇಳಾಕ ನಾಚಿಕಿ ಬಂತು. ತಪ್ಪು ನಂದೇ."

ಸರಿತಾಳ ಊರಿಗೆ ಹೋಗುವ ದುಬಲಗುಂಡಿ ಬಸ್ಸು ಬಂತು. ಸರಿತಾ ಎದ್ದಳು.

"ಅವತ್ತು ನಕ್ಕೋರೆಲ್ಲಾ ನಮ್ಮೂರಾಗೇ ಅದಾರ್ರಿ. ಬರ್ರಿ, ಅವರ ಮುಂದ ಹೇಳ್ರಿ."

ಮಾಸ್ತರರು ತಲೆ ತಗ್ಗಿಸಿಕೊಂಡೇ ಆಕೆಯ ಹಿಂದೆ ಬಸ್ಸು ಹತ್ತಿದರು.