ಎಂಟನೇ ಪ್ಲಗ್ಗು

ನೀವು ನಂಬದಿದ್ದರೂ ಪರವಾಗಿಲ್ಲ, ಲೈಟ್ ಮಾತ್ರ ಆರಿಸಬೇಡಿ... ಎರಡು ಸಾವಿರದ ಎಂಟರಲ್ಲಿ ನಮ್ಮ ಪಕ್ಕದ ಮನೆ ವೀರೇಶನಿಗೆ ಆದದ್ದು ಇದು. ಹಾವೇರಿ ಕಡೆಯವನು, ಮಲ್ಲತ್ತಹಳ್ಳಿಯಲ್ಲಿ ಗ್ಯಾರೇಜು ಇಟ್ಟಿದ್ದ. ಮಾತು ಕಮ್ಮಿ, ಸುಳ್ಳು ಇನ್ನೂ ಕಮ್ಮಿ.

ಅವತ್ತು ರಾತ್ರಿ ಹನ್ನೊಂದಕ್ಕೆ ಕೆರೆ ಪಕ್ಕದ ಪಾಳುಬಾವಿ ದಾಟಿಕೊಂಡು ಒಬ್ಬನೇ ಗ್ಯಾರೇಜಿಗೆ ನಡೆದು ಬಂದ. ದರ್ಶಿನಿ ಹೋಟೆಲಿಗೆ ಊಟಕ್ಕೆ ಹೋದವನು ಒಂದು ತುತ್ತೂ ಮುಟ್ಟದೆ ಎದ್ದು ಬಂದಿದ್ದ. ಹೆಂಡತಿ ಭುವನೇಶ್ವರಿ ಜ್ವರದಲ್ಲಿ ತೀರಿಕೊಂಡು ನಾಲ್ಕೇ ತಿಂಗಳು.

ಗ್ಯಾರೇಜಿನಲ್ಲಿ ಪುರುಷೋತ್ತಮ ಅನ್ನೋರು ಆಗಷ್ಟೇ ಓಡಿಸಿ ತಂದು ಬಿಟ್ಟಿದ್ದ ಫಾರಿನ್ ಟ್ರಕ್ಕು ನಿಂತಿತ್ತು. ಪೆಟ್ರೋಲ್ ಗಾಡಿ. ಎಂಟು ಸ್ಪಾರ್ಕ್ ಪ್ಲಗ್ಗು, ಒಂದೊಂದರ ತಲೆ ಮೇಲೂ ಅದಕ್ಕೆ ಕರೆಂಟು ಕೊಡೋ ಒಂದೊಂದು ಕಾಯಿಲ್ಲು. ಪ್ಲಗ್ಗೆಲ್ಲ ಬದಲಾಯಿಸಿ ಬೆಳಿಗ್ಗೆ ಕೊಡಬೇಕು. ಏಳು ಹೇಗೋ ಆಗುತ್ತೆ. ಎಂಟನೆಯದು ಮಾತ್ರ ಮುಂದಿನ ಗಾಜಿನ ಕೆಳಗೆ, ಸಂದಿಯಲ್ಲಿ. ಗಂಡಸಿನ ಕೈ ಹೋಗಲ್ಲ. ಎರಡು ವರ್ಷದ ಹಿಂದೆ ಅದನ್ನು ಹಾಕಿದ್ದು ಭುವನೇಶ್ವರಿ. ಬಳೆಗಳನ್ನು ಮೊಣಕೈವರೆಗೆ ಸರಿಸಿ, ಕೈ ತೂರಿಸಿ, ಬೆರಳಲ್ಲೇ ತಿರುಗಿಸಿ ಕೂರಿಸಿದ್ದಳು. ಅವಳ ಕೈಯ ಕೆಲಸ ಅಂತ ಉಳಿದಿದ್ದು ಅದೊಂದೇ. ಅದನ್ನೇ ಈಗ ಬಿಚ್ಚಬೇಕು.

ಮನಸ್ಸು ಗಟ್ಟಿ ಮಾಡಿಕೊಂಡು ಪಾನಾ ಎತ್ತಿದ. ಹಿಂದಿನಿಂದ ಪಿಸುಮಾತು...

"ಇನ್ನಾ ಬಿಸಿ ಐತ್ರಿ. ತಡೀರಿ."

ಬಿಸಿ ಇಂಜಿನ್ನಿನಲ್ಲಿ ಪ್ಲಗ್ ತಿರುಗಿಸಿದರೆ ಥ್ರೆಡ್ಡೇ ಕಿತ್ತು ಬರುತ್ತೆ. ಅವಳು ಬದುಕಿದ್ದಾಗಲೂ ಹೆಂಚು ಮುಟ್ಟಿ ನೋಡುವ ಹಾಗೆ ಇಂಜಿನ್ ಮುಟ್ಟಿ ಇದೇ ಮಾತು ಹೇಳುತ್ತಿದ್ದಳು. ವೀರೇಶ ಪಾನಾ ಕೆಳಗಿಟ್ಟ. ಟಿಕ್... ಟಿಕ್... ಇಂಜಿನ್ ಆರುವ ಸದ್ದು. ಎಷ್ಟೋ ಹೊತ್ತಿಗೆ ಅದೂ ನಿಂತಿತು.

"ಆರೇತ್ರಿ."

ಏಳು ಬಿಚ್ಚಿದ, ಏಳು ಹಾಕಿದ. ಎಂಟನೆಯದಕ್ಕೆ ಕೈ ತೂರಿಸಿದರೆ ಗೆಣ್ಣು ತರಚಿ ರಕ್ತ ಬಂತು.

"ಭುವನಾ... ನನ್ನ ಕೈ ಹೋಗವಲ್ದು."

ಝಲ್... ಬಳೆ ಮೇಲಕ್ಕೆ ಸರಿದ ಸದ್ದು.

ತಿರುಗಿ ನೋಡಲಿಲ್ಲ ಅವನು. ನೋಡಿದರೆ ಹೋಗಿಬಿಡುತ್ತಾಳೆ ಅಂತ. ಗೋಡೆ ಕಡೆ ಮುಖ ಮಾಡಿ ಕೂತು ಅತ್ತ. ಕಿರ್ಕ್... ಕಿರ್ಕ್... ಪಾನಾ ತಿರುಗುತ್ತಿತ್ತು. ಆಮೇಲೆ ಬಳೆ ಮತ್ತೆ ಮಣಿಕಟ್ಟಿಗೆ ಜಾರಿತು.

"ಊಟ ಆತೇನ್ರೀ?"

"ಆತು," ಅಂದ. ನನಗೆ ಗೊತ್ತಿರುವಂತೆ ಅವನು ಹೇಳಿದ ಸುಳ್ಳು ಅದೊಂದೇ.

ಬೆಳಿಗ್ಗೆ ಕಾಫಿ ತಗೊಂಡು ನಾನೇ ಹೋಗಿದ್ದೆ. ಟ್ರಕ್ಕು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಟ್ರೇಯಲ್ಲಿ ಏಳು ಹಳೇ ಪ್ಲಗ್ಗು ಮಸಿ ಮೆತ್ತಿಕೊಂಡು ಬಿದ್ದಿದ್ದವು. ವೀರೇಶ ಹಾಗೇ ಎಸೆಯೋನು. ಹಳೆಯದನ್ನು ಒರೆಸಿ, ಹೊಸದರ ಖಾಲಿ ಡಬ್ಬಿಗೆ ಹಾಕಿ ಓನರಿಗೆ ತೋರಿಸೋದು ಭುವನೇಶ್ವರಿಯ ರೂಢಿ.

ಎಂಟನೆಯದು ಡಬ್ಬಿಯಲ್ಲಿತ್ತು. ಒರೆಸಿತ್ತು. ನನ್ನಾಣೆಗೂ ನಾನೇ ಮುಚ್ಚಳ ತೆಗೆದು ನೋಡಿದೆ.

ಪುರುಷೋತ್ತಮ ಹಳೆಯದನ್ನು ಕೇಳಿದಾಗ ವೀರೇಶ ಏಳನ್ನು ಮಾತ್ರ ಕೊಟ್ಟ.