ನಿಂಗರಾಜ ಬಿದ್ದ ಸಮುದ್ರ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಕಾಲ. ಮಧ್ಯಾಹ್ನ ಮೂರರ ಹೊತ್ತಿಗೆ ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಗೌರೀಶಂಕರಯ್ಯನವರು ಕೂತಿದ್ದರು. ಪಕ್ಕದಲ್ಲಿ ತಾಯಿ ಮಗಳಿಬ್ಬರು ಬಂದು ಕೂತರು. ಮಗಳ ಕೈಯಲ್ಲಿ ಎರಡು ಕಾಗದಗಳಿದ್ದವು. ಗೌರೀಶಂಕರಯ್ಯನವರು ಮುಖವನ್ನು ಅತ್ತ ತಿರುಗಿಸಿದರು, ಕಿವಿ ಮಾತ್ರ ತಿರುಗಲಿಲ್ಲ.

“ಆಫೀಸಿನ ಗುಮಾಸ್ತ ಮರಣದ ಸರ್ಟಿಫಿಕೇಟ ಕೊಡಂಗಿಲ್ಲಂತ, ಅವ್ವಾ. ಹಡಗಿನವರ ಕಾಗದದಾಗ ತಮ್ಮ ನಿಂಗರಾಜ ಲಕ್ಷದ್ವೀಪ ಸಮುದ್ರದಾಗ ಬಿದ್ದು ಸತ್ತ ಅಂತೈತಿ. ಪೊಲೀಸರ ಕಾಗದದಾಗ ಅರಬ್ಬೀ ಸಮುದ್ರ ಐತಿ.”

“ಒಬ್ಬ ನಿಂಗರಾಜ ಎರಡು ಸಮುದ್ರದಾಗ ಹೆಂಗ ಸಾಯ್ತಾನ?”

“ಎರಡೂ ಒಂದ ನೀರು, ಅವ್ವಾ. ಹಡಗಿನವರ ನಕಾಶೆದಾಗ ಕಾರವಾರ ದಾಟಿ ಕೆಳಗ ಹೋದ್ರ ಹೆಸರು ಬದಲಾಗತೈತಿ. ನಮ್ಮ ಸಾಲಿ ಪುಸ್ತಕದಾಗ ಪೂರ್ತಿ ಅರಬ್ಬೀನ.”

“ಅದನ್ನ ಅವಗ ಹೇಳಬೇಕಿಲ್ಲೇನ?”

“ಹೇಳಿದೆ. ‘ಇಬ್ಬರಲ್ಲಿ ಒಬ್ರು ತಪ್ಪು ಅಂತ ಬರೆಸ್ಕೊಂಡು ಬನ್ನಿ ಮೇಡಂ’ ಅಂದ. ಇಬ್ಬರೂ ಸರಿ ಬರದಾರ, ಯಾರ ಕಡೆ ಬರಸಲಿ?”

“ಅವನ ಬಾಯಾಗ ಮಣ್ಣ ಬೀಳ್ಲಿ! ನೀರಾಗ ಗೆರಿ ಎಲ್ಲಿ ಹೊಡದಾರ, ಬಂದು ತೋರಸಾಕ ಹೇಳು.”

“ಸುಮ್ಮನಿರವಾ, ಮಂದಿ ನೋಡಾಕ್ಹತ್ತ್ಯಾರ.”

“ನೋಡ್ಲಿ. ಅಂದ್ರ ಆಫೀಸಿನವರ ಪುಸ್ತಕದಾಗ ನನ್ನ ಮಗ ಇನ್ನೂ ಬದುಕ್ಯಾನ?”

“ಹೂಂ.”

“ಹಂಗಾರ ಕರಕೊಂಡು ಬರ್ಲಿ.”

“ಬಿ.ಟಿ.ಎಂ. ಬಸ್ ಬಂತು, ಹತ್ತವಾ.”

ತಾಯಿ ಹತ್ತಲಿಲ್ಲ. ಮಗಳ ಕೈಯಿಂದ ಎರಡೂ ಕಾಗದ ಕಿತ್ತುಕೊಂಡು, ಬಂದ ದಾರಿಯಲ್ಲೇ ಆಫೀಸಿನ ಕಡೆ ಬಿರಬಿರನೆ ನಡೆದಳು. ಮಗಳು ಅವಳ ಹಿಂದೆ ಓಡಿದಳು. ಗೌರೀಶಂಕರಯ್ಯನವರು ಕಾಲು ಹಿಂದಕ್ಕೆಳೆದು ದಾರಿ ಬಿಟ್ಟರು. ಬಸ್ಸು ಅವರಿಬ್ಬರನ್ನೂ ಬಿಟ್ಟು ಹೊರಟಿತು. ಅಂದು ಶುಕ್ರವಾರ. ಮರುದಿನ ಎರಡನೇ ಶನಿವಾರ, ಆಫೀಸಿಗೆ ರಜೆ.